ಒಂದೂವರೆ ಕೋಟಿ ದಾಟಿದ ಬಣ್ಣದ ಪೆಟ್ಟಿಗೆ

ಕಂಪ್ಯೂಟರಿನ ಬಣ್ಣದ ಪೆಟ್ಟಿಗೆಯಲ್ಲಿ ಒಟ್ಟು 1,67,77,216 ಬಣ್ಣಗಳಿವೆ. ಕೆಂಪು, ಹಸಿರು, ನೀಲಿಗೆ ತಲಾ 256 ಮೆಟ್ಟಿಲು. ಗುಣಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಇಳಕಲ್ಲಿನ ನೇಕಾರರ ಮುಂದೆ ಈ ಸಂಖ್ಯೆ ಹೇಳಿದರೆ ನಕ್ಕಾರು. ದಾಳಿಂಬೆ, ಗಿಳಿಹಸಿರು, ನವಿಲುಗರಿ ಇಂಥ ಕೆಲವೇ ಬಣ್ಣದಲ್ಲಿ ಸೀರೆಯ ಒಡಲು, ಕೆಂಪು-ಬಿಳುಪಿನಲ್ಲಿ ತೋಪುತೆನಿ ಸೆರಗು. ಅಷ್ಟರಲ್ಲೇ ಎಷ್ಟೋ ತಲೆಮಾರಿನ ಕಣ್ಣು ತಣಿದಿವೆ.

ಹುನಗುಂದದವನಾದ ನಾನು ನಡುವಯಸ್ಸು ದಾಟಿದ ಮೇಲೆ ಡಿಜಿಟಲ್ ಚಿತ್ರ ಕಲಿಯಲು ಕೂತೆ. ಟ್ಯಾಬ್ಲೆಟ್ಟಿನ ಪೊಟ್ಟಣ ಬಿಚ್ಚಿದಾಗ ನಮ್ಮ ಮನೆಯಾಕೆ, "ಇದೇನ್ರಿ, ಫರಸಿ ತುಂಡು ತಂದೀರಲ್ಲ" ಅಂದಳು. ಕಪ್ಪಗೆ, ಚಪ್ಪಟೆಯಾಗಿ, ಬರೆದರೂ ಗೆರೆ ಮೂಡದ ಆ ಹಲಗೆಗೆ ಅದಕ್ಕಿಂತ ಒಳ್ಳೆಯ ವರ್ಣನೆ ನನಗೆ ಇನ್ನೂ ಸಿಕ್ಕಿಲ್ಲ. ಕೈ ಆಡುವುದು ಮೇಜಿನ ಮೇಲೆ, ಗೆರೆ ಏಳುವುದು ಎದುರಿನ ಪರದೆಯಲ್ಲಿ. ಕೈಯನ್ನು ನೋಡದೆ ಬರೆಯುವುದು ರೂಢಿಯಾಗಲು ದಿನ ಹಿಡಿಯಿತು.

ಮೊದಲಿಗರಿಗೆ ಈ ತೊಡಕಿರಲಿಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ಸ್ಕೆಚ್‌ಪ್ಯಾಡ್ ತೋರಿಸಿದಾಗ ಬೆಳಕಿನ ಪೆನ್ನನ್ನು ಪರದೆಗೇ ಹಿಡಿದು ಗೆರೆ ಎಳೆಯುತ್ತಿದ್ದರು. ಬಣ್ಣ ತುಂಬುವ ಯಂತ್ರ 1973ರದು: ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಶೂಪ್ ಕಟ್ಟಿದ ಸೂಪರ್‌ಪೇಂಟ್. ಫೋಟೋಶಾಪ್ ಬಂದದ್ದು 1990ರಲ್ಲಿ. ಆದರೆ ಇಂದು ನಮಗೆ ಉಸಿರಾಟದಷ್ಟೇ ಸಹಜವಾಗಿರುವ ಪದರ, ಅಂದರೆ ಲೇಯರ್, ಅದಕ್ಕೆ ಸೇರಿದ್ದು 1994ರಲ್ಲಿ. ಅಲ್ಲಿಯವರೆಗೆ ಮೋಡದ ಮೇಲೆ ಹಕ್ಕಿ ಬರೆದರೆ ಹಕ್ಕಿಯ ಕೆಳಗಿನ ಮೋಡ ಹೋದಂತೆಯೇ.

ನನ್ನ ಪಾಲಿಗೆ ಉಚಿತವಾಗಿ ಸಿಗುವ ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶ ಸಾಕಾಯಿತು. ಕುಂಚಗಳ ರಾಶಿಯೇ ಇದೆ. ಬನಶಂಕರಿ ಜಾತ್ರೆಯ ಚಿತ್ರ ಬರೆದು, ಬಣ್ಣವೆಲ್ಲ ಸುರಿದು, ಅವ್ವನ ಮುಂದೆ ಹಿಡಿದೆ. ಅವ್ವ ಕನ್ನಡಕ ಏರಿಸಿಕೊಂಡು ನೋಡಿ, "ಭಾಳ ಚಂದ ಐತಿ. ಆದ್ರ ಕಣ್ಣ ಎಲ್ಲಿ ಇಡ್ಬೇಕಪಾ?" ಎಂದಳು.

ಆಕೆ ಕಸೂತಿ ಹಾಕುವವಳು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಯಾವುದಕ್ಕೂ ಬಟ್ಟೆಯ ಮೇಲೆ ಮೊದಲೇ ಗೆರೆ ಹಾಕಿಕೊಳ್ಳುವುದಿಲ್ಲ. ನೂಲಿನ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಾವಂತಿ ಎಂಬ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ಸೂಜಿ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತದೆ. ಗಂಟಿಲ್ಲ, ಮೇಲೂ ಒಳಗೂ ಒಂದೇ ಚಿತ್ರ. ಎಣಿಕೆಯ ಚೌಕಗಳಲ್ಲಿ ಚಿತ್ರ ಕಟ್ಟುವುದಕ್ಕೆ ಪಿಕ್ಸೆಲ್ ಎಂದು ಹೆಸರಿಡುವ ಎಷ್ಟೋ ಮೊದಲೇ ನಮ್ಮ ಹೆಣ್ಣುಮಕ್ಕಳು ಆ ಕೆಲಸ ಮುಗಿಸಿದ್ದರು.

ಅವ್ವನ ಚಿಕ್ಕಿಪರಾಸ ದಡಿಯ ಹಳೆಯ ಸೀರೆಯ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದೆ. ಅದರಿಂದ ಬೆರಳೆಣಿಕೆಯ ಬಣ್ಣ ಹೆಕ್ಕಿ, ಉಳಿದ ಕೋಟಿಗೆ ಬಾಗಿಲು ಹಾಕಿದೆ. ನನ್ನ ಚಿತ್ರ ಸುಧಾರಿಸಿದ್ದು ಅಲ್ಲಿಂದಲೇ. ಬಣ್ಣ ಕಡಿಮೆಯಾದಾಗ ನೆರಳು-ಬೆಳಕು ಸರಿಯಿಲ್ಲದ್ದು ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಈಗ ಆಗಾಗ ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡುತ್ತೇನೆ. ಆಗಲೂ ತೇರು ತೇರಾಗಿ ಕಂಡರೆ ಮುಂದಿನ ಕೆಲಸ.

ಬಾಗಲಕೋಟೆಯ ವೃತ್ತಗಳಲ್ಲಿ ತೂಗುವ ಹುಟ್ಟುಹಬ್ಬದ ಫ್ಲೆಕ್ಸ್‌ಗಳೂ ಡಿಜಿಟಲ್ ಕಲೆಯೇ, ಇಲ್ಲವೆನ್ನಲಾರೆ. ಬಿಸಿಲಲ್ಲಿ ಬೆಳೆದ ನಾಯಕರ ಮುಖಕ್ಕೆ ಗುಲಾಬಿ ಬಳಿಯುವ ಧೈರ್ಯ ಮಾತ್ರ ನನಗಿಲ್ಲ. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಕೈಯಿಂದ ಬರೆದ ಪರದೆಗಳಲ್ಲಿ ಅರಮನೆಯ ಕಂಬಗಳು ಓರೆಯಿದ್ದರೂ ಒಂದು ಕೈಯ ಗುರುತಿತ್ತು.

ಆ ಕೈಯ ಗುರುತಿನ ಹಿರಿಯ ಪಾಠ ಬಾದಾಮಿಯಲ್ಲಿದೆ. ಚಾಲುಕ್ಯ ಮಂಗಳೇಶ ಮಾಡಿಸಿದ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಅದರ ಮುಂಚಾಚಿನ ಕಮಾನಿನ ಒಳಮೈಯಲ್ಲಿ ಗಾರೆಯ ಮೇಲೆ ಬರೆದ ಚಿತ್ರಗಳ ಚೂರು ಉಳಿದಿವೆ. ವಿಷ್ಣುವಿನ ಭಾರಿ ವಿಗ್ರಹಗಳನ್ನು ನೋಡಿ ಹೊರಡುವವರು ತಲೆ ಎತ್ತುವುದೇ ಇಲ್ಲ. 1930ರ ದಶಕದಲ್ಲಿ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಆ ಚಿತ್ರಗಳ ಬಗ್ಗೆ ಬರೆದರು. ಮುಂಬಯಿಯ ಕಲಾವಿದ ಜೆ. ಎಂ. ಅಹಿವಾಸಿ ಅವುಗಳನ್ನು ಪ್ರತಿ ಮಾಡಿದರು. ಮೂಲ ಮಸುಕಾದಷ್ಟೂ ಆ ಪ್ರತಿಗಳ ಬೆಲೆ ಏರುತ್ತದೆ. ನಕಲು ಮಾಡುವುದು ಕೀಳೆಂದು ಮೂಗು ಮುರಿಯುವ ಹೊಸ ಕಲಿಕೆಗಾರರು ಇದನ್ನು ನೆನೆಯಬೇಕು. ನಾನು ಅಲ್ಲಿ ನಿಂತು ಒಂದು ಮುಖದ ವಾಲನ್ನಷ್ಟೇ ಬರೆದುಕೊಂಡೆ. ಕತ್ತು ತಿರುಗಿದ ರೀತಿ ಕಲಿಯಲು ಯಾವ ಕುಂಚದ ಪೊಟ್ಟಣವೂ ಸಹಾಯಕ್ಕೆ ಬರಲಿಲ್ಲ.

ಕಲಿಯುವ ಮನಸ್ಸಿದ್ದವರು ದುಬಾರಿ ಹಲಗೆಗೆ ದುಡ್ಡು ಕೂಡಿಡುತ್ತ ಕಾಯಬೇಡಿ. ಮೊದಲು ಬಾದಾಮಿಗೆ ಹೋಗಿ ಬನ್ನಿ. ಮೂರನೇ ಗುಹೆಯ ಮುಖ ಉತ್ತರಕ್ಕಿದೆ, ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಪೆನ್ಸಿಲ್ ಒಂದಿದ್ದರೆ ಸಾಕು.