ನಾಯಿಗುತ್ತಿ ಯಾಕೆ ಸೇಡು ತೀರಿಸಲಿಲ್ಲ?

1979ರ ಬೇಸಿಗೆ. ಒಡೆಯರ ಮನೆಯ ಹುಲ್ಲುಗೊಣಬೆಗೆ ಬೆಂಕಿ ಹಾಕಬೇಕೆಂದು ನಾವು ಅಣ್ಣತಮ್ಮ ಇಬ್ಬರೂ ಒಂದು ಬೆಂಕಿಪೊಟ್ಟಣ ಹಿಡಿದು ರಾತ್ರಿ ಹೊರಟಿದ್ದೆವು. ಕಮ್ಮರಡಿ ಸೀಮೆಯ ಕೇರಿಯ ಹುಡುಗರು ನಾವು. ಒಬ್ಬ ಪಿಯುಸಿ, ಇನ್ನೊಬ್ಬ ಹತ್ತನೇ ಕ್ಲಾಸು. ಓದು ತಲೆಗೆ ಹತ್ತಿತ್ತೋ ಇಲ್ಲವೋ, ಸಿಟ್ಟಂತೂ ಹತ್ತಿತ್ತು.

ಸಿಟ್ಟಿಗೆ ಕಾರಣವಿತ್ತು. ಅಜ್ಜ ಆ ಮನೆಯಲ್ಲಿ ಜೀತದಾಳು. ಜೀತದ ಜೊತೆಗೆ ಗುಡ್ಡದ ಓರೆಯ ಒಂದು ತುಂಡು ಮಕ್ಕಿಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಚೀಟಿ ಇಲ್ಲ, ರಸೀತಿ ಇಲ್ಲ, ಎಲ್ಲ ಬಾಯಿಮಾತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ಹೊಸ ಕಾನೂನು ಬಂತು. ಉಳುವವನೇ ಹೊಲದೊಡೆಯ ಅಂದರು. ಏಳನೇ ನಂಬರಿನ ಫಾರಂ ತುಂಬಿಕೊಡಿ ಅಂದರು. ಆದರೆ ಗೆಳೆಯರೆ, ಆ ಫಾರಂ ಇದ್ದದ್ದು ಗೇಣಿದಾರನಿಗೆ. ನೇಗಿಲ ಮೇಣಿ ಹಿಡಿದೇ ಬೆನ್ನು ಬಗ್ಗಿಸಿಕೊಂಡ ಜೀತದಾಳು ಉಳುವವನ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 1976ರ ಕಾಯಿದೆ ಜೀತವನ್ನೇ ಅಳಿಸಿತು. ಜೀತ ಮಾಡಿದವನು ಉತ್ತ ಒಡೆಯನ ನೆಲವನ್ನು ಅದು ಅವನಿಗೆ ಕೊಡಲಿಲ್ಲ. ನಮಗೆ ಉಳಿದಿದ್ದ ಹಿಡಿ ಆ ಒಂದು ಮಕ್ಕಿಗದ್ದೆ ಮಾತ್ರ. ಅರ್ಜಿ ಹಾಕುವುದಕ್ಕೆ ಕೊನೆಯ ದಿನ 1979ರ ಜೂನ್ 30. ಅದಕ್ಕೆ ಮುಂಚೆಯೇ ಒಡೆಯರು ಅಜ್ಜನನ್ನು ಕರೆಸಿ, ಚಾವಡಿ ಕೆಳಗೆ ನಿಲ್ಲಿಸಿ, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಏನು ಬರೆದಿತ್ತು ಅಜ್ಜಾ ಅಂದರೆ, 'ನಂಗೇನು ಗೊತ್ತು, ಸಾಯಿ ಮಾಡು ಅಂದ್ರು, ಮಾಡ್ದೆ' ಅಂದ.

ಸರಿ, ಗೊಣಬೆ ಹತ್ತಿರ ಹೋದೆವು. ಗೊಣಬೆ ಬುಡದಲ್ಲಿ ಕಂಬಳಿ ಹೊದ್ದು ಮಲಗಿದ್ದವನು ನಮ್ಮ ಅಜ್ಜನೇ. ಕಾವಲು! ಕಡ್ಡಿಪೆಟ್ಟಿಗೆಯ ಸದ್ದಿಗೇ ಎಚ್ಚರವಾಯ್ತು ಅವನಿಗೆ. ಬೈಯಲಿಲ್ಲ. 'ಹಾಕ್ತೀರೇನ್ರೋ? ಹಾಕಿ. ಹುಲ್ಲು ಸುಟ್ಟು ಹೋದ್ರೆ ಮಳೆಗಾಲದಲ್ಲಿ ಆ ದನಕ್ಕೆ ಇಂಬಳ ಕಚ್ಚಿಸ್ಕೊಂಡು ಹಸಿಹುಲ್ಲು ಕುಯ್ದು ಹೊರೋರು ಯಾರು? ನಿಮ್ಮವ್ವ.' ಅಷ್ಟು ಹೇಳಿ ಮಗ್ಗುಲಾದ.

ನಾವು ವಾಪಸು ಬಂದೆವು. ಹೆದರಿ ಬಂದೆವೋ, ಅರ್ಥವಾಗಿ ಬಂದೆವೋ, ಈಗಲೂ ಹೇಳಲಾರೆವು.

ಅದೇ ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರೊಬ್ಬರು ಪಾಠ ಬಿಟ್ಟು ಒಂದು ಕತೆ ಹೇಳಿದರು. ಎಮಿಲಿ ಬ್ರಾಂಟೆ ಎಂಬ ಹೆಂಗಸು 1847ರಲ್ಲಿ ಪ್ರಕಟಿಸಿದ 'ವುದರಿಂಗ್ ಹೈಟ್ಸ್'. ಲಿವರ್‌ಪೂಲಿನ ಬೀದಿಯಲ್ಲಿ ಸಿಕ್ಕ ಒಬ್ಬ ಕಪ್ಪು ಹುಡುಗ ಹೀತ್‌ಕ್ಲಿಫ್. ಯಾರ ಮಗನೋ, ಯಾವ ಕುಲವೋ. ಯಜಮಾನ ಮನೆಗೆ ತಂದು ಸಾಕುತ್ತಾನೆ. ಯಜಮಾನ ಸತ್ತ ಮೇಲೆ ಅವನ ಮಗ ಹಿಂಡ್ಲಿ ಈ ಹುಡುಗನ ಪಾಠ ನಿಲ್ಲಿಸಿ ಹೊಲದಾಳು ಮಾಡುತ್ತಾನೆ. ಜೊತೆಗೆ ಬೆಳೆದ ಹುಡುಗಿ ಕ್ಯಾಥರಿನ್, ಇವನನ್ನು ಮದುವೆಯಾದರೆ ತನಗೆ ಕೀಳು ಎಂದು ಹೇಳಿದ್ದು ಅವನ ಕಿವಿಗೆ ಬೀಳುತ್ತದೆ. ಆ ರಾತ್ರಿಯೇ ಓಡಿಹೋಗುತ್ತಾನೆ. ಮೂರು ವರ್ಷದ ಮೇಲೆ ದುಡ್ಡು ಮಾಡಿಕೊಂಡು ಬಂದು ಒಬ್ಬೊಬ್ಬರನ್ನೇ ನೆಲಕ್ಕೆ ಹಾಕುತ್ತಾನೆ.

ಹಿಂದಿನ ಬೆಂಚಿನಲ್ಲಿ ಕೂತ ನಮ್ಮ ಕೇರಿಯ ಹುಡುಗರೆಲ್ಲ ಮನಸ್ಸಿನಲ್ಲೇ ಸಿಳ್ಳೆ ಹೊಡೆದೆವು. ಮೇಷ್ಟ್ರು ಅವನನ್ನು ಖಳನಾಯಕ ಅಂದರು. ನಮಗೆ ಆತ ನಾಯಕ. ಕೊನೆಗೂ ಒಬ್ಬ ಬೆಂಕಿ ಹಾಕಿದನಲ್ಲ!

ಆಮೇಲೆ ಒಂದು ಕಡೆ ಬಂದು ಸಿಳ್ಳೆ ನಿಂತಿತು. ಹಿಂಡ್ಲಿಯ ಆಸ್ತಿಯನ್ನು ಹೀತ್‌ಕ್ಲಿಫ್ ಗೆದ್ದದ್ದು ಹೇಗೆ? ಜೂಜಿನ ಸಾಲ ಕೊಟ್ಟು, ಜಮೀನು ಅಡವು ಬರೆಸಿಕೊಂಡು. ಹಿಂಡ್ಲಿಯ ಮಗ ಹೇರ್ಟನ್‌ನನ್ನು ಏನು ಮಾಡಿದ? ಅಕ್ಷರ ಕಲಿಸದೆ ಆಳಾಗಿ ಬೆಳೆಸಿದ. ಆ ಹುಡುಗನ ಮನೆಯ ಬಾಗಿಲ ಮೇಲೆ ಅವನದೇ ಹೆಸರು ಕೆತ್ತಿದೆ. ಪೂರ್ವಿಕನದೂ ಅದೇ ಹೆಸರು. ಅದನ್ನು ಓದಲು ಅವನಿಗೆ ಬರುವುದಿಲ್ಲ. ನಮಗೆ ಚಾವಡಿ ಕೆಳಗೆ ಹೆಬ್ಬೆಟ್ಟು ಚಾಚಿ ನಿಂತ ಅಜ್ಜ ಕಂಡ. ಹೀತ್‌ಕ್ಲಿಫ್ ಹೊಸದೇನೂ ಮಾಡಲಿಲ್ಲ; ಒಡೆಯ ತನಗೆ ಕಲಿಸಿದ್ದನ್ನು ಒಡೆಯನ ಮಗನಿಗೆ ಕಲಿಸಿದ. ಎರಡು ಮನೆಗಳ ಯಜಮಾನಿಕೆ ಕೈ ಬದಲಾಯಿತು, ಅಷ್ಟೆ. ಒಲೆ ಉರಿಸುವ, ನೆಲ ಒರೆಸುವ ಆಳುಗಳು ಆಳುಗಳಾಗಿಯೇ ಉಳಿದರು. ಆ ಕತೆಯ ಬಹುಪಾಲನ್ನು ಹೇಳುವವಳೂ ಮನೆಗೆಲಸದ ನೆಲ್ಲಿ ಡೀನ್. ಅವಳ ಸಂಬಳದ ಮಾತು ಯಾರಿಗೆ ಬೇಕು?

ನಮ್ಮ ಕಡೆಯ ದೊಡ್ಡ ಕಾದಂಬರಿಗೆ ಬರೋಣ. ಕುವೆಂಪು ಹುಟ್ಟಿದ್ದು ನಮ್ಮದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಮನೆಯಲ್ಲಿ, 1904ರಲ್ಲಿ. 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ. ಅದರಲ್ಲಿ ನಮ್ಮವನೊಬ್ಬನಿದ್ದಾನೆ, ಸಿಂಬಾವಿಯ ಜೀತದ ಹೊಲೆಯ ಗುತ್ತಿ. ಹುಲಿಯ ಎಂಬ ನಾಯಿ ಸದಾ ಜೊತೆಗಿರುವುದರಿಂದ ನಾಯಿಗುತ್ತಿ. ಹಾಸ್ಟೆಲಿನಲ್ಲಿ ಆ ಪುಸ್ತಕವನ್ನು ನಾವು ಸರದಿ ಮೇಲೆ ಓದಿದೆವು. ಓದುತ್ತಾ ಓದುತ್ತಾ ಕಾಯುತ್ತಿದ್ದುದು ಒಂದಕ್ಕೇ: ಈ ಗುತ್ತಿ ಯಾವಾಗ ಸೇಡು ತೀರಿಸುತ್ತಾನೆ? ಅವನು ತೀರಿಸಲೇ ಇಲ್ಲ. ಬೇರೊಬ್ಬ ಗೌಡರ ಕೇರಿಯಿಂದ ತಿಮ್ಮಿಯನ್ನು ಕಾಡಿನ ಕತ್ತಲಲ್ಲಿ ಹಾರಿಸಿಕೊಂಡು ಹೋದ. ಇದೇನು, ಹೆಣ್ಣು ಹಾರಿಸೋದೇ ಬಂಡಾಯವಾ ಅಂತ ನಮ್ಮಲ್ಲೇ ಜಗಳವಾಯ್ತು.

ಆಗ ಹೊಳೆದಿರಲಿಲ್ಲ, ಈಗ ಹೊಳೆಯುತ್ತದೆ. ಜೀತದ ಹೆಣ್ಣು ಇನ್ನೊಂದು ಕೇರಿಗೆ ಹೋದರೆ ಆ ಒಡೆಯನಿಗೆ ಒಂದು ಆಳು ಕಡಿಮೆ, ಅವಳ ಹೊಟ್ಟೆಯಲ್ಲಿ ಹುಟ್ಟುವ ಆಳುಗಳೂ ಕಡಿಮೆ. ಒಡೆಯರ ಮಾತಿಲ್ಲದೆ ಮದುವೆಯಿಲ್ಲ ಎಂಬುದರ ಅರ್ಥ ಅದು. ಗುತ್ತಿ ಒಡೆಯರ ಲೆಕ್ಕದ ಪುಸ್ತಕಕ್ಕೆ ಕೈ ಹಾಕಿದ. ಹಾಗಂತ ಅವನು ಬಿಡುಗಡೆಯಾದನೇ? ಇಲ್ಲ. ಒಂದು ಜೀತದ ಕೇರಿಯಿಂದ ತಿಮ್ಮಿ ಬಂದು ಸೇರಿದ್ದು ಇನ್ನೊಬ್ಬನ ಜೀತದ ಬದುಕಿಗೆ. ಕೊನೆಗೆ ತುಂಗೆಯ ನೆರೆ ಹುಲಿಯನನ್ನೂ ತೆಗೆದುಕೊಂಡು ಹೋಯಿತು.

ಇನ್ನು ಆ ಕಾದಂಬರಿಯ ಖಳ ಯಾರು? ಈ ಮಾತಿಗೆ ಸಂಘದ ಕೆಲವು ಗೆಳೆಯರು ನಮ್ಮ ಮೇಲೆ ಸಿಟ್ಟಾಗಿದ್ದಾರೆ, ಆದರೂ ಹೇಳುತ್ತೇವೆ. ಓದಿದವರ ಹೊಟ್ಟೆ ಕಿವುಚುವ ಕೇಡಿಗ ಚೀಂಕ್ರ, ಘಟ್ಟದ ಕೆಳಗಿನಿಂದ ಕೂಲಿಗಳನ್ನು ಕರಕೊಂಡು ಬರುವ ಸೇರೆಗಾರ. 1936ರ 'ಕಾನೂರು ಹೆಗ್ಗಡಿತಿ'ಯಲ್ಲೂ ಹಾಗೇ ಒಬ್ಬ ಸೇರೆಗಾರ, ರಂಗಪ್ಪಸೆಟ್ಟಿ. ಅಲ್ಲಿ ಚಂದ್ರಯ್ಯಗೌಡರ ದರ್ಪವನ್ನು ಕುವೆಂಪು ಮುಚ್ಚಿಟ್ಟಿಲ್ಲ, ನಿಜ. ಆದರೂ ಹೊಲಸಿನ ಪಾಲು ಹೊರಗಿನಿಂದ ಬಂದ ಮೇಸ್ತ್ರಿಗೇ ಹೆಚ್ಚು ಬೀಳುತ್ತದೆ. ನಮಗೆ ಸೇರೆಗಾರರು ಗೊತ್ತು. ಕೂಲಿಯಲ್ಲಿ ಮುರಿದುಕೊಂಡದ್ದು, ಕೆಟ್ಟ ಬಾಯಿ, ಹೆಂಗಸರ ಮೇಲಿನ ಕಣ್ಣು, ಎಲ್ಲ ಗೊತ್ತು. ಆದರೆ ಅವನಿಗೆ ಮುಂಗಡ ಕೊಟ್ಟು ಕಳಿಸಿದ ಮನೆಯೂ ಗೊತ್ತು. ಲಂಕೆಯ ರಾವಣನಿಗೂ ಮನಸ್ಸು ತಿರುಗುವ ಅವಕಾಶವನ್ನು 'ಶ್ರೀರಾಮಾಯಣ ದರ್ಶನಂ'ನಲ್ಲಿ ಕೊಟ್ಟವರು ಕುವೆಂಪು. ರಾಜನಿಗೆ ಸಿಕ್ಕ ಆ ಕರುಣೆ ಸೇರೆಗಾರನಿಗೆ ಯಾಕೆ ಸಿಗಲಿಲ್ಲ ಎಂದು ಕೇಳುವಷ್ಟು ಸಲಿಗೆ ನಮಗಿದೆ, ಯಾಕೆಂದರೆ ಗುತ್ತಿಗೆ ಕಾದಂಬರಿಯ ಹೆದ್ದಾರಿ ಬಿಟ್ಟುಕೊಟ್ಟವರೂ ಅವರೇ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಅದನ್ನು ಇಡೀ ರಾತ್ರಿ ನಾಟಕವಾಡಿದರಲ್ಲ, ಅಲ್ಲೂ ನಮ್ಮ ಕಣ್ಣು ಗುತ್ತಿಯ ಮೇಲೇ.

ಕಾರಂತರ ಚೋಮ ಇನ್ನೊಂದು ದಾರಿ. 1933ರ ಆ ಕಾದಂಬರಿಯಲ್ಲಿ ಅವನು ಕೊನೆಗೆ ಮುರಿದು ಸುಟ್ಟದ್ದು ತನ್ನದೇ ನೇಗಿಲು. ಆಮೇಲೆ ದುಡಿ ಬಡಿದು ಸತ್ತ. ಆ ಭಾಗವನ್ನು ಅಜ್ಜನಿಗೆ ಓದಿ ಹೇಳಿದಾಗ, 'ಹುಚ್ಚು ಮುಂಡೇದು, ನೇಗಿಲು ಯಾಕೆ ಸುಟ್ಟ' ಎಂದು ಬೈದ.

ಅದಾದ ಮೇಲೆ ಅರ್ಜಿಯನ್ನು ನಾವೇ ಬರೆದೆವು. ಜೂನ್ ಕೊನೆಯ ವಾರ, ಎಡೆಬಿಡದ ಮಳೆ. ಫಾರಮನ್ನು ಎದೆಗೆ ಒತ್ತಿ, ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದ್ದು ಅಜ್ಜ ನಮ್ಮ ಜೊತೆ ಬಸ್ಸು ಹತ್ತಿದ. ಮಾರನೇ ದಿನವೇ ಒಡೆಯರ ಮನೆಯಿಂದ ಕರೆ ನಿಂತಿತು. ಅವ್ವನಿಗೆ ಕೊಟ್ಟಿಗೆ ಕೆಲಸವೂ ತಪ್ಪಿತು. ಎರಡು ತಿಂಗಳು ಹಲಸಿನ ಬೀಜ, ಕೆಸುವಿನ ಸೊಪ್ಪು. ವಿಚಾರಣೆ ಬಂದಾಗ ಗೇಣಿಗೆ ದಾಖಲೆ ಏನಿದೆ ಎಂದು ಕೇಳಿದರು. ಅಜ್ಜ ಗದ್ದೆಯ ಅಂಚಿಗೆ ಯಾವ ಮರ, ನೀರು ಯಾವ ಬಾಯಿಂದ ಇಳಿಯುತ್ತದೆ, ಯಾವ ವರ್ಷ ಯಾವ ಬೀಜ ಹಾಕಿದೆ ಎಂದು ಹೇಳುತ್ತಾ ಹೋದ. ಎದುರಿನವರು ಆ ಹೆಬ್ಬೆಟ್ಟಿನ ಕಾಗದ ಇಟ್ಟರು. ಅರ್ಜಿ ವಜಾ ಆಯಿತು.

ಮೆಟ್ಟಿಲಿಳಿದು ಬಂದು, ಆದೇಶದ ಪ್ರತಿಯಲ್ಲಿ ತನ್ನ ಹೆಸರು ಎಲ್ಲಿದೆ ತೋರಿಸಿ ಎಂದು ಕೇಳಿದ. ತೋರಿಸಿದೆವು. ಬೆರಳಿಟ್ಟು ನೋಡಿದ. 'ಇಷ್ಟು ಉದ್ದ ಐತಾ' ಅಂದ. ಆ ಕಾಗದ ಈಗಲೂ ನಮ್ಮ ಟ್ರಂಕಿನಲ್ಲಿದೆ. ಒಂದು ಮೂಲೆ ಗೆದ್ದಲು ತಿಂದಿದೆ.