ವರ್ತನೆ ಮನೆ

ಹೂ ಮಾರುವವಳಿಗೆ ಎರಡು ಬಗೆಯ ವ್ಯಾಪಾರ ಗೊತ್ತು. ಸರ್ಕಲ್ಲಿನಲ್ಲಿ ಬುಟ್ಟಿ ಇಟ್ಟುಕೊಂಡು ಹೋಗಿಬರುವವರನ್ನೆಲ್ಲ ಕೂಗುವುದು ಒಂದು. ಬೆಳಗಾಗುತ್ತಲೇ, ದಿನವೂ ತಪ್ಪದೆ ಕೊಳ್ಳುವ ವರ್ತನೆ ಮನೆಗಳ ಗೇಟಿಗೆ ಮೊಳ ಹೂ ಸಿಕ್ಕಿಸಿ, ಯಾರನ್ನೂ ಎಬ್ಬಿಸದೆ ಮುಂದಕ್ಕೆ ನಡೆಯುವುದು ಇನ್ನೊಂದು. ಮೊದಲ ಪುಸ್ತಕ ಬರೆಯಲು ಕೂತವರಿಗೆ ಈಗ ಎಲ್ಲ ಕಡೆಯಿಂದ ಬರುವ ಬುದ್ಧಿಮಾತೆಂದರೆ, ‘ಪುಸ್ತಕ ಮುಗಿಯುವುದರೊಳಗೆ ಆನ್‌ಲೈನಿನಲ್ಲಿ ನಾಲ್ಕು ಜನಕ್ಕೆ ಗೊತ್ತಾಗಿರಿ’ ಎಂಬುದು. ಹೇಳುವವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಸರ್ಕಲ್ಲಿನ ವ್ಯಾಪಾರ: ಮುಖಪುಟದ ಅನಾವರಣ, ‘ಇನ್ನು ಹತ್ತೇ ದಿನ’ ಎಂಬ ಪೋಸ್ಟರು, ಗೆಳೆಯರೆಲ್ಲ ಒಟ್ಟಿಗೆ ಬದಲಿಸಿಕೊಂಡ ವಾಟ್ಸಾಪ್ ಸ್ಟೇಟಸ್ಸು. ಅದನ್ನು ತಪ್ಪೆನ್ನಲಾರೆ, ಕೂಗದಿದ್ದರೆ ಬುಟ್ಟಿ ಖಾಲಿಯಾಗುವುದಿಲ್ಲ. ಆದರೆ ನನಗೆ ರುಚಿಸುವುದು, ಹೊಸ ಲೇಖಕನಿಗೆ ಹೆಚ್ಚು ದಕ್ಕುವುದು ಎಂದೂ ತೋರುವುದು, ವರ್ತನೆಯ ಕಸುಬು. ಪುಸ್ತಕದ ಪಕ್ಕದಲ್ಲೇ ಕೂತು, ಹೊತ್ತು ತಪ್ಪದೆ, ನೂರಿನ್ನೂರು ಪದಗಳ ತುಣುಕೊಂದನ್ನು ಕಟ್ಟಿ ಕೆಲವೇ ಮನೆಗಳಿಗೆ ತಲುಪಿಸುವ ಈ ಕೆಲಸವನ್ನು ಪ್ರಚಾರವೆಂದು ಕರೆದರೆ ಅರ್ಧ ಸುಖ ಹೋದಂತೆಯೇ. ಅದು ಬರವಣಿಗೆಯೇ, ಸ್ವಲ್ಪ ಬೇರೆ ಸ್ಥಾಯಿಯಲ್ಲಿ.

ಇದನ್ನು ಮೊಬೈಲಿನ ಕಾಲದ ಪಿಡುಗು ಎಂದು ಮೂಗು ಮುರಿಯುವವರು ಹಾವೇರಿ ಬಳಿಯ ಅಗಡಿಯ ಕಡೆಗೊಮ್ಮೆ ನೋಡಬೇಕು. ಕನ್ನಡ ಕಾದಂಬರಿಯ ಪಿತಾಮಹರೆನಿಸಿಕೊಂಡ ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆ ಗಂಟಿನ ಚಿತ್ರ ಎಷ್ಟು ಕಣ್ಣಿಗೆ ಕಟ್ಟುತ್ತದೆಂದರೆ, ಅದರ ಹಿಂದಿನ ಸಂಗತಿ ಮರೆತೇ ಹೋಗುತ್ತದೆ. 1907ರಲ್ಲಿ ಅಗಡಿಯ ಆನಂದವನದಿಂದ ಹೊರಡತೊಡಗಿದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಅವರ ಬರಹ ತಿಂಗಳು ತಿಂಗಳು ಮನೆಗಳನ್ನು ಹೊಗುತ್ತಿತ್ತು. ಗಂಟು ಬಾಗಿಲಿಗೆ ಬರುವ ಮೊದಲೇ ಬರಹ ಒಳಗೆ ಬಂದು ಕೂತಿತ್ತು ಅನ್ನಿ. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದ ಜಿ.ಬಿ. ಜೋಶಿಯವರದು ಇದರ ಮುಂದಿನ ಹೆಜ್ಜೆ. ಚಂದಾದಾರರು ಹಣ ಮೊದಲು ಕೊಡಬೇಕು, ಪುಸ್ತಕ ಆಮೇಲೆ ಬರುತ್ತದೆ. ಬರೆದವರು ಯಾರಾದರೂ ಆಗಲಿ, ಮಾಲೆಯ ಮೇಲಿನ ಭರವಸೆಯಿಂದ ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರು. 1961ರಲ್ಲಿ ‘ಯಯಾತಿ’ ಅಲ್ಲಿಂದ ಹೊರಬಂದಾಗ ಗಿರೀಶ ಕಾರ್ನಾಡರಿಗೆ ಇನ್ನೂ ಇಪ್ಪತ್ತಮೂರು. ಹೆಸರು ಕೇಳಿದವರು ಎಷ್ಟು ಜನ ಇದ್ದಾರು? ಪ್ರಕಾಶಕ ಕಟ್ಟಿಟ್ಟಿದ್ದ ವರ್ತನೆಯ ಮೇಲೆ ಹೊಸಬರ ನಾಟಕ ಮನೆ ಸೇರಿತು. ಆಮೇಲೆ ಆ ಕೆಲಸವನ್ನು ವಾರಪತ್ರಿಕೆಗಳ ಧಾರಾವಾಹಿಗಳು ಮಾಡಿದವು. ಈಗ ಧಾರಾವಾಹಿಗೆ ಜಾಗ ಕಡಿಮೆ, ಚಂದಾ ಕೊಟ್ಟು ಕಾಯುವವರೂ ಕಡಿಮೆ. ಹಾಗಾಗಿ ಮನೆ ಹಿಡಿಯುವ ಕೆಲಸ ತಿರುಗಿ ಲೇಖಕನ ತಲೆಗೇ ಬಂದಿದೆ. ಗಂಟು ಮಾತ್ರ ಹಗುರವಾಗಿದೆ.

ಗಂಟಿನಲ್ಲಿ ಏನಿರಬೇಕು ಎನ್ನುವುದರಲ್ಲೇ ಕಸುಬಿನ ಸ್ವಾರಸ್ಯ. ಕಾದಂಬರಿಯ ಅಧ್ಯಾಯಗಳನ್ನೇ ಬಿಡಿಸಿ ಹಂಚುವುದು ತೋಟವನ್ನೇ ಗೇಟಿಗೆ ನೇತುಹಾಕಿದಂತೆ. ಪುಸ್ತಕದೊಳಗೆ ಹಿಡಿಸದೆ ಉಳಿದದ್ದು ಇರುತ್ತದಲ್ಲ, ಅದು ಹೂವಿಗೆ ಒದಗುತ್ತದೆ. ಇಳಕಲ್ಲಿನ ನೇಕಾರರ ಮನೆಯೊಂದರ ಕತೆಯನ್ನು ಯಾರೋ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು, ಪ್ರತಿ ಸೀರೆಗೂ ಹೊಸದಾಗಿ. ಕಾದಂಬರಿಯಲ್ಲಿ ಇದಕ್ಕೆ ಸಿಗುವುದು ಅರ್ಧ ವಾಕ್ಯ, ಏಕೆಂದರೆ ಅಲ್ಲಿ ಆ ಹೊತ್ತಿಗೆ ಸೊಸೆ ಸಿಟ್ಟಾಗಿ ತವರಿಗೆ ಹೊರಟಿದ್ದಾಳೆ. ಉಳಿದುದನ್ನೆಲ್ಲ ಒಂದು ತುಣುಕು ಮಾಡಬಹುದು: ಕೊಂಡಿ ಬೀಳುವಾಗ ಬೆರಳು ಹೇಗೆ ಮಡಚುತ್ತದೆ, ಕೆಂಪು ಸೆರಗಿನಲ್ಲಿ ಬಿಳಿಯ ತೋಪುತೆನೆ ಹೇಗೆ ಏಳುತ್ತದೆ, ಅಂಚಿನಲ್ಲಿ ಗೋಮಿ ಯಾವುದು, ಗಾಡಿ ಯಾವುದು, ಚಿಕ್ಕಿ ಯಾವುದು. ಇದನ್ನು ಓದಿದ ನೇಕಾರರ ಮನೆಯ ಹುಡುಗನೊಬ್ಬ, ‘ನೀವು ಬರದಂಗ ನಮ್ಮವ್ವ ಅನ್ನೂದಿಲ್ರೀ, ಅದಕ್ಕ ಬ್ಯಾರೇನ ಮಾತೈತಿ’ ಎಂದು ಒಂದು ಸಾಲು ಬರೆದರೆ, ಅದರ ಬೆಲೆ ಐನೂರು ಲೈಕಿಗೂ ಇಲ್ಲ. ಕತೆಯಲ್ಲಿ ಅತ್ತೆ ಆಡುವ ಮಾತೊಂದು ಅಚ್ಚಿಗೆ ಹೋಗುವ ಮೊದಲೇ ಸರಿಹೋಯಿತು. ಅಚ್ಚಾದ ಮೇಲೆ ಇದೇ ಮಾತು ಬಂದಿದ್ದರೆ ಅದನ್ನು ವಿಮರ್ಶೆ ಎನ್ನುತ್ತಿದ್ದರು.

ಬರೆಯುವ ಸುಖದ ಬಗ್ಗೆಯೂ ಒಂದು ಮಾತು. ಫೇಸ್‌ಬುಕ್ಕಿನಲ್ಲಿ ಉದ್ದನೆಯ ಬರಹದ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ. ಮಿಕ್ಕದ್ದು ‘ಸೀ ಮೋರ್’ ಎಂಬ ಹೊಸ್ತಿಲಿನ ಆಚೆ. ‘ಜೀವನವೆಂದರೆ’ ಎಂದು ಪೀಠಿಕೆ ಹಾಕಿದವನು ಹೊಸ್ತಿಲಿನಲ್ಲೇ ಉಳಿಯುತ್ತಾನೆ. ಕೊಂಡಿ ಹಾಕುವ ಬೆರಳಿನಿಂದ ಶುರುಮಾಡಿದವನ ಹಿಂದೆ ಓದುಗ ಒಳಗೆ ಬರುತ್ತಾನೆ. ಬೇಡದ ಪೀಠಿಕೆಯನ್ನು ಕತ್ತರಿಸುವುದು, ಪದವೊಂದನ್ನು ಹತ್ತಿರದಿಂದ ತಂದು ಕೂರಿಸುವುದು, ಹೂ ಕಟ್ಟುವವಳು ಬಾಡಿದ ಮೊಗ್ಗನ್ನು ನೋಡದೆಯೇ ಬೆರಳ ತುದಿಯಲ್ಲಿ ಬದಿಗೆ ಸರಿಸುತ್ತಾಳಲ್ಲ, ಆ ಅಭ್ಯಾಸ ದಿನವೂ ಬರೆದ ಕೈಗೆ ಹತ್ತುತ್ತದೆ. ಮುನ್ನೂರು ಪುಟದ ಹಸ್ತಪ್ರತಿ ಇಂಥ ಪಾಠವನ್ನು ಮೂರು ವರ್ಷಕ್ಕೊಮ್ಮೆ ಕಲಿಸುತ್ತದೆ. ತುಣುಕು ಸಂಜೆಯೊಳಗೆ ಕಲಿಸುತ್ತದೆ.

ಹೊತ್ತು ಹಾಳು ಎನ್ನುವ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ತುಣುಕು ಬರೆಯಲು ಹಿಡಿಯುವುದು ಅರ್ಧ ಗಂಟೆ, ಅದನ್ನು ಯಾರು ನೋಡಿದರೆಂದು ನೋಡುವುದಕ್ಕೆ ಮೂರು ಗಂಟೆ. ಹಾಳಾಗುವುದು ಆ ಮೂರು. ಹೂ ಸಿಕ್ಕಿಸಿದವಳು ಯಾರು ಮುಡಿದರೆಂದು ಗೇಟಿನಲ್ಲಿ ನಿಂತು ಕಾಯುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಓದುಗರ ಮುಖ ನೋಡಿಕೊಂಡು ಬರೆದವನ ಬರಹ ಕೆಡುತ್ತದೆ ಎಂಬುದು. ಇದಕ್ಕೆ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸನೇ ಎರಡೂ ಕಡೆಯ ಸಾಕ್ಷಿ. 1836ರಲ್ಲಿ ತಿಂಗಳ ಕಂತುಗಳಾಗಿ ಶುರುವಾದ ‘ಪಿಕ್‌ವಿಕ್ ಪೇಪರ್ಸ್’ ಮೊದಮೊದಲು ಕುಂಟಿತು. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಬಾಯಿಬಡುಕ ಬಂದ ಮೇಲೆ ಏರುತ್ತ ಹೋಗಿ, ಕೊನೆಗೆ 40,000 ಪ್ರತಿಯ ಆಸುಪಾಸು ಮುಟ್ಟಿತು. ಜನ ಮೆಚ್ಚಿದ್ದನ್ನು ಕಂಡ ಡಿಕನ್ಸ್ ಸ್ಯಾಮ್‌ನನ್ನು ಬೆಳೆಸಿದ, ಕೃತಿಯೂ ಬೆಳೆಯಿತು. ಏಳು ವರ್ಷದ ಮೇಲೆ ‘ಮಾರ್ಟಿನ್ ಚಜಲ್‌ವಿಟ್’ ಓಡದಿದ್ದಾಗ, ಮಾರಾಟದ ಆಸೆಗೆ ನಾಯಕನನ್ನು ಅಮೆರಿಕಕ್ಕೆ ಹತ್ತಿಸಿ ಕಳಿಸಿದ. ಮಾರಾಟವೂ ಹೇಳಿಕೊಳ್ಳುವಷ್ಟು ಏರಲಿಲ್ಲ. ಮೊದಲ ಸಲ ತನ್ನ ಬುಟ್ಟಿಯಲ್ಲಿದ್ದ ಮಲ್ಲಿಗೆಯನ್ನು ಜನ ಬಯಸಿದರೆಂದು ಇನ್ನೊಂದು ಮೊಳ ಕೊಟ್ಟಿದ್ದ. ಎರಡನೆಯ ಸಲ ಕಾಗದದ ಹೂ ತಂದ. ಓದುಗರ ಮಾತು ಕೇಳಬಾರದು ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ಲೆಕ್ಕದ ಪುಸ್ತಕವನ್ನು ಓದುಗರೆಂದು ತಿಳಿದರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಾಗುತ್ತದೆ.

ಜಾಲದ ಕಾಲಕ್ಕೇ ಬರುವುದಾದರೆ ಆಂಡಿ ವೇರ್ ಇದ್ದಾನೆ. ಅಮೆರಿಕದ ಈ ಸಾಫ್ಟ್‌ವೇರ್ ನೌಕರ ವರ್ಷಗಟ್ಟಲೆ ಕತೆ, ಕಾಮಿಕ್ಸುಗಳನ್ನು ತನ್ನ ತಾಣದಲ್ಲಿ ಪುಕ್ಕಟೆ ಹಾಕುತ್ತ ಬಂದವನು. ‘ದ ಮಾರ್ಷಿಯನ್’ ಕಾದಂಬರಿಯನ್ನೂ ಅಲ್ಲೇ ಅಧ್ಯಾಯ ಅಧ್ಯಾಯವಾಗಿ ಹಾಕಿದ. ವಿಜ್ಞಾನ ಬಲ್ಲ ಓದುಗರು ಲೆಕ್ಕದ ತಪ್ಪು ಹಿಡಿದರು, ಅವನು ತಿದ್ದಿಕೊಂಡ. ಓದುಗರೇ ಕೇಳಿದ್ದಕ್ಕೆ 2011ರಲ್ಲಿ ಕಿಂಡಲ್‌ಗೆ 99 ಸೆಂಟಿಗೆ ಕೊಟ್ಟ. 2014ರಲ್ಲಿ ದೊಡ್ಡ ಪ್ರಕಾಶನದಿಂದ ಪುಸ್ತಕ, ಮರುವರ್ಷ ಸಿನಿಮಾ. ಅಧ್ಯಾಯಗಳನ್ನೇ ಹಂಚಬಾರದು ಎಂದು ಮೇಲೆ ನಾನು ಹೇಳಿದ್ದಕ್ಕೆ ಇದು ನೇರ ಅಡ್ಡಿ, ಒಪ್ಪುತ್ತೇನೆ. ಆದರೆ ಅವನ ಕತೆ ಒಂದೊಂದು ಅಧ್ಯಾಯಕ್ಕೂ ಒಂದೊಂದು ಒಗಟು ಬಿಡಿಸುವ ಜಾತಿಯದು, ಕಂತಿಗೆ ಒಗ್ಗುತ್ತದೆ. ಕೊನೆಯ ಪುಟದವರೆಗೂ ಮೆಲ್ಲಗೆ ಕಾವು ಕಾಪಾಡಬೇಕಾದ ಕತೆಗೆ ಅದೇ ಕ್ರಮ ಹಿಡಿದರೆ, ಮುಚ್ಚಳ ತೆಗೆತೆಗೆದು ನೋಡಿದ ಅನ್ನದ ಗತಿಯಾಗುತ್ತದೆ.

ಮಾತು ಕಡಿಮೆಯ ಸ್ವಭಾವದವರು ‘ಇದು ನಮಗಾಗದು’ ಎನ್ನುತ್ತಾರೆ. ಸರ್ಕಲ್ಲಿಗೆ ಹೋಗಲು ಅವರಿಗೆ ಆಗದು, ನಿಜ. ವರ್ತನೆಗೆ ಬಾಯಿ ಬೇಕಿಲ್ಲ, ಹೊತ್ತು ತಪ್ಪದಿದ್ದರೆ ಸಾಕು. ಕನ್ನಡದ ಪುಸ್ತಕಕ್ಕೆ ಸಾವಿರ ಪ್ರತಿಯ ಮುದ್ರಣ ಎನ್ನುವುದು ಬಹುಕಾಲದ ರೂಢಿ. ಈಗ ಅದಕ್ಕೂ ಕಡಿಮೆ ಹಾಕಿ, ಬೇಕಾದಂತೆ ಮತ್ತೆ ಅಚ್ಚು ಮಾಡುತ್ತಾರೆ. ಈ ಅಳತೆಯ ಲೋಕದಲ್ಲಿ ಹೆಸರು ಹಿಡಿದು ಕಾಯುವ ಇನ್ನೂರು ಮನೆ ಸಣ್ಣ ಸಂಖ್ಯೆಯಲ್ಲ. ಬೆರಳಾಡಿಸುತ್ತ ಸರಿದುಹೋಗುವ ಇಪ್ಪತ್ತು ಸಾವಿರ ಕಣ್ಣುಗಳಿಗೆ ಗೇಟೂ ಇಲ್ಲ, ಚಿಲಕವೂ ಇಲ್ಲ, ಹೂ ಸಿಕ್ಕಿಸುವುದೆಲ್ಲಿ?

ಕೊನೆಯ ಕರಡಿನ ಹೊತ್ತಿಗೆ ತುಣುಕು ನಿಲ್ಲಿಸಲೇಬೇಕಾಗುತ್ತದೆ. ಆಗ ಕೈಯಲ್ಲಿರುವ ಹೂವೆಲ್ಲ ಒಂದೇ ದಂಡೆಗೆ ಬೇಕು. ನಿಲ್ಲಿಸಿದರೆ ಜನ ಮರೆತಾರೆಂದು ಹಳೆಯ ತುಣುಕಿಗೇ ನೀರು ಚಿಮುಕಿಸಿ ಹೊಸದೆಂದು ಕೊಡುವವರಿದ್ದಾರೆ. ಅದರ ವಾಸನೆ ಗೇಟಿನವರೆಗೂ ಬರುತ್ತದೆ. ವರ್ತನೆಯವಳಿಗೆ ಇದರ ಮರ್ಯಾದೆ ಗೊತ್ತು. ಊರಿಗೆ ಹೋಗುವ ಹಿಂದಿನ ದಿನ ಬಾಗಿಲು ತಟ್ಟಿ, ‘ಅಮ್ಮಾ, ನಾಳೆಯಿಂದ ಒಂದು ವಾರ ಬರಕ್ಕಾಗಲ್ಲ, ಬೇರೆಯವರ ಹತ್ತಿರ ತಗೊಂಡಿರಿ’ ಎಂದು ಹೇಳಿ ಹೋಗುತ್ತಾಳೆ.