ಪುದುಪೇಟೆಯಲ್ಲಿ ಒಂದು ಆಯಿಲ್ ಪ್ಯಾನ್

ಚೆನ್ನೈನ ಎಗ್ಮೋರ್ ಸ್ಟೇಷನ್ನಿನಿಂದ ಕೂವಂ ನದಿಯತ್ತ ಬಂದರೆ ಪುದುಪೇಟೆ. ಹಳೇ ಗಾಡಿಗಳ ಬಿಡಿಭಾಗಗಳ ಪೇಟೆ. ಬಾಗಿಲು, ಬಂಪರ್ ಎಲ್ಲ ಬೀದಿಗೇ ಬಂದು ಕೂತಿವೆ.

ಗೆಳೆಯರ ಆಟೊಮ್ಯಾಟಿಕ್ ಪಿಕಪ್ಪಿನ ಅಡಿ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಗ್ಯಾಸ್ಕೆಟ್ ಎರಡು ಸಲ ಬದಲಾಗಿತ್ತು. ಬೇರೊಂದು ಕಡೆ ಗೇರ್‌ಬಾಕ್ಸನ್ನೇ ಬದಲಿಸಿ ಅಂದಿದ್ದರು, ಲಕ್ಷದ ಮಾತು!

ಇಲ್ಲಿನ ಮೆಕ್ಯಾನಿಕ್ ಪ್ಯಾನ್ ಬಿಚ್ಚಿ, ಒರೆಸಿ, ಗಾಜಿನ ಮೇಲೆ ಬೋರಲು ಹಾಕಿದರು. ಅಂಚಿನಡಿ ಬೆಳಕು ನುಸುಳಿತು. ಬೋಲ್ಟು ಅತಿಯಾಗಿ ಬಿಗಿದು ತೂತುಗಳ ಸುತ್ತ ತಗಡು ಉಬ್ಬಿತ್ತು, ನೋಡಿ. ಹೊಸ ಗ್ಯಾಸ್ಕೆಟ್ ಏನು ಮಾಡೀತು? ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಅಂಚನ್ನು ಮಟ್ಟ ಮಾಡಿದರು. ಎದುರುಬದುರಿನ ಬೋಲ್ಟುಗಳನ್ನು ಸರದಿಯಂತೆ ತಿರುಗಿಸುತ್ತಿದ್ದ ಸಹಾಯಕನಿಗೆ ಒಂದೇ ಮಾತು: ‘ಮೆದುವಾ, ಮೆದುವಾ.’ ತಮಿಳಾದರೂ ನಮ್ಮ ‘ಮೆಲ್ಲಗೆ’ಯೇ.

ಎಣ್ಣೆ ತುಂಬಿ, ಇಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಿದರು. ಅಡಿಗೆ ಹಾಸಿದ ರಟ್ಟು ಸಂಜೆಗೂ ಒಣಗಿಯೇ ಇತ್ತು.